ಶುಕ್ರವಾರ ಅಕ್ಕನನ್ನು ಕರೆತರಲು ಹೋದದ್ದು

ಅರಸೀಕೆರೆಯಿಂದ ಬೆಳಗಿನ ಬಸ್ಸು ಹೊರಟಾಗ ಒಳಗೆ ಜನರಿಗಿಂತ ಖಾಲಿ ಸೀಟುಗಳೇ ಹೆಚ್ಚಿದ್ದವು. ಕೊರೊನಾ ಆಗಿನ್ನೂ ಹೊಸದು. ಬಸ್ಸುಗಳು ಯಾವ ಗಳಿಗೆಯಲ್ಲಾದರೂ ನಿಲ್ಲಬಹುದೆಂದು ಟೀವಿ ಹೆದರಿಸುತ್ತಿತ್ತು. ಬೇಲೂರಿನಲ್ಲಿದ್ದ ಅಕ್ಕನಿಗೆ ದಿನ ತುಂಬುತ್ತಾ ಬಂದಿತ್ತು. ಚೊಚ್ಚಲ ಹೆರಿಗೆ, ತವರಿಗೆ ಬರಬೇಕು. ಅವಳ ಅತ್ತೆಗೆ ಮಂಡಿನೋವು. ಬಾಣಂತನ ಮಾಡುವ ಶಕ್ತಿಯಿಲ್ಲ. "ಇವತ್ತೇ ಕರ್ಕೊಂಡು ಬಾ," ಎಂದು ಅಮ್ಮ ನನ್ನನ್ನು ಅಟ್ಟಿದ್ದಳು. ಆದರೆ ಅದು ಶುಕ್ರವಾರ. ಶುಕ್ರವಾರ ಮನೆಯ ಹೆಣ್ಣನ್ನು ಹೊಸ್ತಿಲು ದಾಟಿಸುವವರಲ್ಲ ಅಕ್ಕನ ಅತ್ತೆ.

ಭಯವಾದಾಗ ನನಗೆ ಗೊತ್ತಿರುವುದು ಒಂದೇ ವಿದ್ಯೆ, ಮಿಮಿಕ್ರಿ. ಯಾರಿಗೆ ಫೋನ್ ಮಾಡಿದರೂ ಆಗ ಮೊದಲು ಒಂದು ಕೆಮ್ಮು ಕೇಳುತ್ತಿತ್ತಲ್ಲ, ಅದನ್ನು ಥೇಟ್ ಹಾಗೇ ಕೆಮ್ಮಿದೆ. ಮುಂದಿನ ಸೀಟಿನ ಹೆಂಗಸು ಎದ್ದು ಡ್ರೈವರ್ ಪಕ್ಕಕ್ಕೆ ಓಡಿದರು.

"ಏನ್ಲಾ, ಇಳಿಸ್ಲಾ ಇಲ್ಲೇ?" ಕರವಸ್ತ್ರದೊಳಗಿಂದ ಕಂಡಕ್ಟರ್ ಗುಡುಗಿದರು.

"ಫೋನಿನ ಕೆಮ್ಮು ಸಾರ್, ನಂದಲ್ಲ."

"ಯಾರ್ದಾದ್ರೇನು, ನುಂಗ್ಕೋ!"

ಜಾವಗಲ್ ಹತ್ತಿರ ಧೂಳಿಗೆ ನಿಜವಾದ ಕೆಮ್ಮೇ ಬಂತು. ಕಣ್ಣಲ್ಲಿ ನೀರು ತುಂಬಿಕೊಂಡು ನುಂಗಿದೆ.

ಹಳೇಬೀಡಿನಲ್ಲಿ ಬಸ್ಸು ಬದಲಿಸಬೇಕಿತ್ತು. ದೇವಸ್ಥಾನದ ಗೇಟಿಗೆ ಬೀಗ. ಕಂಬಿಯಾಚೆ ಹುಲ್ಲುಹಾಸಿನ ಮೇಲೆ ಒಬ್ಬರೂ ಇಲ್ಲ. ಬಿಸಿಲಿನಲ್ಲಿ ಗುಡಿ ನೀರಿನಡಿ ಮುಳುಗಿದಂತೆ ಮೆಲ್ಲಗೆ ತೂಗುತ್ತಿತ್ತು. ಜನ ಹೋದ ಮೇಲೆ ಕಲ್ಲಿನ ಆನೆಗಳೆಲ್ಲ ಗೋಡೆಯಿಂದಿಳಿದು, ಸಾಲು ತಪ್ಪದೆ, ಕೆರೆಗೆ ನೀರು ಕುಡಿಯಲು ಹೋಗಿರಬೇಕು ಅನ್ನಿಸಿತು.

"ಕುಡಿ ಮಗ," ಎಂದು ಎಳನೀರಿನ ಅಜ್ಜ ಬುರುಡೆ ಕೆತ್ತಿ ಕೊಟ್ಟರು. "ಇವತ್ತು ನಂಗೆ ನೀನೇ ಫಾರಿನ್ನೋನು."

ಬೇಲೂರಿನ ಮನೆಯಲ್ಲಿ ಅತ್ತೆ ಬಾಗಿಲಲ್ಲೇ ನನ್ನ ಕೈಗೆ ಸೋಪು ಕೊಟ್ಟರು. ಕೈ ತೊಳೆಯುತ್ತಲೇ ಮಾತು ತೆಗೆದೆ: "ಶುಕ್ರವಾರ ಅಂತ ಗೊತ್ತು ಅತ್ತೆ, ಆದ್ರೆ ಬಸ್ಸು..."

"ಶುಕ್ರವಾರ ನಾನು ಸೊಸೇನ ಕಳ್ಸಲ್ಲ ಕಣಪ್ಪ."

ಒಳಗಿದ್ದ ಅಕ್ಕನ ಮುಖ ಬಾಡಿತು.

"ನಿನ್ನೆ ಗುರುವಾರಾನೇ ಕಳ್ಸಾಯ್ತು," ಎಂದು ಅತ್ತೆ ಎದುರು ಮನೆಯ ಜಗಲಿ ತೋರಿಸಿದರು. ಅಲ್ಲಿ ಅಕ್ಕನ ಬ್ಯಾಗು, ಅದಕ್ಕೊಂದು ಕುಂಕುಮದ ಬೊಟ್ಟು. ಒಳ್ಳೆಯ ದಿನ ನೋಡಿ ಗಂಟನ್ನು ಬೇರೆ ಮನೆಯಲ್ಲಿಟ್ಟರೆ ಪ್ರಯಾಣ ಅಂದೇ ಶುರುವಾದ ಲೆಕ್ಕ. ಪ್ರಸ್ಥಾನ ಇಡುವುದು ಎನ್ನುತ್ತಾರೆ.

"ಅಯ್ಯೋ, ಬೆಳಗ್ಗಿಂದ ಬ್ಯಾಗ್ ಹುಡುಕ್ತಿದೀನಿ! ಒಂದು ಮಾತು ಹೇಳ್ಬಾರ್ದಾ ಅತ್ತೆ?" ಎಂದಳು ಅಕ್ಕ.

"ಹೇಳಿದ್ರೆ ನಿನ್ನೆಯಿಂದ್ಲೇ ಅಳ್ತಿದ್ದೆ. ನಿನ್ನ ನೋಡಿ ನಾನೂ."

ಭಾವ ಸ್ಟ್ಯಾಂಡಿನಿಂದ ಫೋನ್ ಮಾಡಿದರು: ಅರಸೀಕೆರೆ ಬಸ್ಸು ಹೊರಡಲು ನಿಂತಿದೆ, ಬೇಗ ಬನ್ನಿ. ಆಟೊ ಹತ್ತುವಾಗ ಅತ್ತೆ ನನ್ನ ತೋಳು ಹಿಡಿದರು. "ದಾರಿ ಯಾವಾಗ ತೆರೀತದೋ, ನಾನು ಯಾವಾಗ ನೋಡ್ತೀನೋ. ಮಗು ಹುಟ್ಟಿದ ಕೂಡ್ಲೇ ಅದರ ಅಳು ಫೋನಲ್ಲಿ ಕೇಳ್ಸು. ನೀನೇ ಅತ್ತು ಮೋಸ ಮಾಡ್ಬೇಡ್ವೋ ಕೋತಿ!"

ಆಣೆ ಮಾಡಿದೆ. ತಿರುವಿನಲ್ಲಿ ಹಿಂತಿರುಗಿ ನೋಡಿದರೆ, ಖಾಲಿ ಬೀದಿಯ ನಡುವೆ ಅತ್ತೆ ಎರಡೂ ಕೈಯೆತ್ತಿ ಬೀಸುತ್ತಿದ್ದರು. ಒಂದು ಸೊಸೆಗೆ. ಇನ್ನೊಂದು ನನಗಂತೂ ಅಲ್ಲ.