ಎಂಬತ್ತಾದರೆ ಸಾಕು

ನಮ್ಮ ಯಜಮಾನರು ಫೋನಿಗೆ ಮಾಡುವ ಆರೈಕೆ ನನ್ನ ಬಾಣಂತನದಲ್ಲೂ ನನಗೆ ಸಿಕ್ಕಿರಲಿಲ್ಲ. ಚಾರ್ಜು ಇಪ್ಪತ್ತಕ್ಕಿಂತ ಕೆಳಗೆ ಇಳಿಯಬಾರದು, ಎಂಬತ್ತಕ್ಕಿಂತ ಮೇಲೆ ಏರಬಾರದು, ಚಾರ್ಜಿಗಿಟ್ಟಾಗ ಫೋನ್ ಆಫ್ ಆಗಿರಬೇಕು. ಯಾವುದೋ ವಿಡಿಯೋ ನೋಡಿ ಕಲಿತದ್ದು. ಅದರಲ್ಲಿ ಹೇಳಿದ್ದೆಲ್ಲ ಸುಳ್ಳು ಅನ್ನಲಾರೆ. ಇವರ ಬ್ಯಾಟರಿ ಇವತ್ತಿಗೂ ಗಟ್ಟಿಯಾಗಿದೆ, ಕಂಡವರಿಗೆಲ್ಲ ತೋರಿಸುತ್ತಾರೆ.

ತಮ್ಮ ಫೋನಿಗೆ ಏನು ಬೇಕಾದರೂ ಮಾಡಿಕೊಳ್ಳಲಿ. ಊರವರ ಫೋನಿನ ಉಸಾಬರಿಯೂ ಇವರಿಗೇ ಬೇಕು. ನರಸಿಂಹರಾಜಪುರದಲ್ಲಿ ನನ್ನ ತಮ್ಮನ ಮಗಳ ನಿಶ್ಚಿತಾರ್ಥಕ್ಕೆ ಹೋಗಿದ್ದೆವು. ಗಂಡಿನ ಸೋದರಮಾವ ಚಾರ್ಜಿಗಿಟ್ಟಿದ್ದ ಫೋನು ತೊಂಬತ್ತು ದಾಟಿತ್ತು. ಇವರು ಹೋಗಿ ವೈರು ಕಿತ್ತು, ಫೋನ್ ಎತ್ತಿ ಹಿಡಿದು, ಊಟದ ಪಂಕ್ತಿಯ ನಡುವೆ "ಇದು ಯಾರದ್ದು ಮಾರಾಯ್ರೆ, ಹೀಗೆ ಮಾಡಿದ್ರೆ ಬ್ಯಾಟರಿ ಬಾಳಿಕೆ ಬರುತ್ತಾ?" ಎಂದು ಕೇಳುತ್ತ ನಡೆದರು. ನಾನು ಈ ಮನುಷ್ಯ ಯಾರೋ ಏನೋ ಎಂಬಂತೆ ತಲೆ ತಗ್ಗಿಸಿ ಕೋಸಂಬರಿ ತಿಂದೆ. ಆ ನಾಚಿಕೆ ನೆನೆದರೆ ಈಗ ನಗು ಬರುತ್ತದೆ. ಈಗ ಹೇಳಹೊರಟಿರುವುದಕ್ಕೆ ಬರುವುದಿಲ್ಲ.

ನಮ್ಮ ಮನೆ ಕಿಗ್ಗದಿಂದ ಸಿರಿಮನೆಗೆ ಹೋಗುವ ದಾರಿಯಲ್ಲಿದೆ. ಹಳ್ಳದ ನೀರಿಗೆ ಸಣ್ಣ ಟರ್ಬೈನ್ ಕೂರಿಸಿಕೊಂಡಿದ್ದೇವೆ. ಲೈನ್ ಮೇಲೆ ಮರ ಬಿದ್ದು ಊರಿನ ಕರೆಂಟು ಹೋದರೆ, ಅಕ್ಕಪಕ್ಕದವರು ಬೆಳಿಗ್ಗೆ ಫೋನ್ ತಂದು ನಮ್ಮ ಜಗಲಿಯಲ್ಲಿ ಚಾರ್ಜಿಗಿಟ್ಟು ಹೋಗುತ್ತಾರೆ, ಕೆಲಸ ಮುಗಿಸಿ ಒಯ್ಯುತ್ತಾರೆ. ಹೆಪ್ಪಿಗೆ ಮಜ್ಜಿಗೆ ಕೇಳಿಕೊಂಡು ಬರುವ ಹಾಗೆ ಇದೂ ಒಂದು ರೂಢಿ. ಜಗಲಿಗೆ ಬಂದ ಫೋನಿಗೆಲ್ಲ ಇವರದೇ ಕಾನೂನು. ಎಂಬತ್ತಾಯಿತೋ, ಕಿತ್ತರು. ಜನ ಬಿಟ್ಟಿ ಕರೆಂಟಿನ ದಾಕ್ಷಿಣ್ಯಕ್ಕೆ ಸುಮ್ಮನಿರುತ್ತಿದ್ದರು. ಅದು ಗೊತ್ತಿದ್ದೂ ನಾನು ಸುಮ್ಮನಿದ್ದೆ.

ಈ ಸಲ ಕರೆಂಟು ಹೋದಾಗ ಗುಡ್ಡದ ಮೇಲಿನ ಮನೆಯವಳು ಫೋನ್ ತಂದಳು. ಅವಳ ಗಂಡ ಗಂಟಲಿನ ಗಡ್ಡೆಗೆ ಮಂಗಳೂರಿನ ಆಸ್ಪತ್ರೆ ಸೇರಿದ್ದ. ಮಗ ಜೊತೆಗಿದ್ದ. ಮರುದಿನ ಆಪರೇಷನ್. ಗಡ್ಡೆಯ ಜೊತೆ ಧ್ವನಿಪೆಟ್ಟಿಗೆಯನ್ನೂ ತೆಗೆಯುತ್ತಾರೆ, ಆಮೇಲೆ ಮಾತು ಇಲ್ಲ ಎಂದು ಡಾಕ್ಟರು ಮೊದಲೇ ಹೇಳಿದ್ದರು.

"ಅಣ್ಣ, ಇವತ್ತೊಂದು ಫುಲ್ ಆಗ್ಲಿ. ಸಂಜೆ ಅವರು ಮಾತಾಡ್ತಾರಂತೆ" ಅಂದಳು.

ಮಧ್ಯಾಹ್ನ ಅವಳು ಬರುವಷ್ಟರಲ್ಲಿ ಇವರು ಕಿತ್ತಿಟ್ಟಿದ್ದರು. "ಎಂಬತ್ತಾದ್ರೆ ಸಾಕು ಮಾರಾಯ್ತಿ. ಫುಲ್ ಮಾಡಿದ್ರೆ ನಿಂಗೇ ಲುಕ್ಸಾನು" ಎಂದು ಕೊಟ್ಟರು. ಅವಳದು ಹಳೇ ಬ್ಯಾಟರಿ. ನಲವತ್ತು ತೋರಿಸುತ್ತಿದ್ದದ್ದು ಕಣ್ಣೆದುರೇ ಆಫ್ ಆಗುವುದನ್ನು ನಾನು ನೋಡಿದ್ದೆ. ಅವಳು ನನ್ನ ಮುಖ ನೋಡಿದಳು. ನಾನು ಅಕ್ಕಿ ಆರಿಸುತ್ತಿದ್ದವಳು ಆರಿಸುತ್ತಲೇ ಇದ್ದೆ.

ದೀಪ ಹಚ್ಚುವ ಹೊತ್ತಿಗೆ ಅವಳು ಟಾರ್ಚು ಹಿಡಿದು ಓಡಿಬಂದಳು. ಕೈಯಲ್ಲಿ ಸತ್ತ ಫೋನು. "ಇನ್ನೂ ಸುಮಾರು ತೋರಿಸ್ತಿತ್ತು ಅತ್ತಿಗೆ, ಒಂದೇ ಸಲಕ್ಕೆ ಹೋಯ್ತು" ಅಂದಳು. ಚಾರ್ಜಿಗೆ ಹಾಕಿ, ಅದು ಜೀವ ಹಿಡಿಯುವ ತನಕ ಮೂವರೂ ಅದನ್ನೇ ನೋಡುತ್ತ ನಿಂತೆವು. ಅವಳು ಅವಸರದಲ್ಲಿ ಮಗನಿಗೆ ಮಾಡಿದಳು. ಸ್ಪೀಕರ್ ತಾನಾಗಿ ಒತ್ತಿಹೋಗಿರಬೇಕು, ಮಗನ ಮಾತು ನಮಗೂ ಕೇಳಿತು.

"ಅಮ್ಮ, ಎಲ್ಲಿ ಹೋಗಿದ್ದೆ? ಅಪ್ಪಂಗೆ ಉಸಿರು ಕಟ್ಟೋಕೆ ಶುರುವಾಯ್ತು, ನಾಳೆ ತನಕ ಕಾಯೋಕಾಗಲ್ಲ ಅಂತ ಈಗಷ್ಟೇ ಒಳಗೆ ಕರ್ಕೊಂಡು ಹೋದ್ರು. ನಿಂಗೆ ಮಾಡಿ ಮಾಡಿ ಸಾಕಾಯ್ತು. ಮಾವನ ನಂಬರಿಗೂ ಮಾಡಿದೆ, ಅತ್ತೆ ನಂಬರಿಗೂ ಮಾಡಿದೆ. ಎಲ್ಲಾ ಸ್ವಿಚ್ ಆಫ್."

ಮಾವ ಅಂದರೆ ನಮ್ಮವರು, ಅತ್ತೆ ಅಂದರೆ ನಾನು. ನಮ್ಮ ಎರಡೂ ಫೋನು ಅಲ್ಲೇ, ಅವಳ ಫೋನಿನ ಪಕ್ಕದಲ್ಲೇ, ಆಫ್ ಆಗಿ ಚಾರ್ಜ್ ಕುಡಿಯುತ್ತಿದ್ದವು. ಅವಳು ಅವುಗಳನ್ನು ನೋಡಿದಳು. ಒಂದು ಬೈಗುಳ ಬೈದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ. "ಹೂಂ ಮಗಾ" ಎಂದಷ್ಟೇ ಹೇಳಿ ಫೋನಿಟ್ಟಳು. ನಾನು ಹಿಂದೆಂದೂ ಅಷ್ಟು ನಾಚಿದ್ದಿಲ್ಲ. ಗಂಡನ ಪರವಾಗಿ ನಾಚುವುದು ನನಗೆ ರೂಢಿ. ಅವತ್ತಿನದು ನನ್ನದೇ.

ಆಪರೇಷನ್ ಚೆನ್ನಾಗಿ ಆಯಿತು. ಅವನು ಮನೆಗೆ ಬಂದ ಮೇಲೆ ನೋಡಲು ಹೋಗಿದ್ದೆವು. ಕುತ್ತಿಗೆಗೆ ಬಟ್ಟೆ ಸುತ್ತಿಕೊಂಡು ಎದ್ದು ಬಂದು, ಕೈಸನ್ನೆಯಲ್ಲೇ ಕೂರಿ ಎಂದ, ಕಾಫಿ ಎಂದು ಬೆರಳು ತೋರಿಸಿದ. ನಮ್ಮವರು ಬಂದ ದಾರಿಯುದ್ದಕ್ಕೂ ಏನು ಹೇಳುವುದೆಂದು ಗುಣುಗುಣಿಸಿಕೊಂಡಿದ್ದರು. ಅಲ್ಲಿ ಕೂತು ಅಂಗಳದ ಕಡೆ ನೋಡತೊಡಗಿದರು. ನಾನೇ "ತಪ್ಪಾಯ್ತು, ನಮ್ಮಿಂದ ಹೀಗಾಯ್ತು" ಅಂದೆ. ಅವನು ನಕ್ಕು ಇವರ ಬೆನ್ನು ತಟ್ಟಿದ.

ಹೊರಟಾಗ ಅವಳು ಅಂಗಳದವರೆಗೂ ಬಂದಳು. ಗಂಡನಿಗೆ ಕೇಳದ ಹಾಗೆ ದನಿ ತಗ್ಗಿಸಿ ಕೇಳಿದಳು:

"ಅಣ್ಣ, ಅವರು ನಿಮಗೆ ಬೆಳಿಗ್ಗೆ ಬೆಳಿಗ್ಗೆ ವಾಟ್ಸಾಪಲ್ಲಿ ಮಾತಾಡಿ ಕಳಿಸ್ತಿದ್ರಲ್ಲ, ಲೈನ್ ಬಂತಾ, ಹಳ್ಳದಲ್ಲಿ ನೀರೆಷ್ಟು ಅಂತ. ಅದ್ರಲ್ಲಿ ಒಂದು ನಂಗೆ ಕಳಿಸ್ತೀರಾ? ಯಾವ್ದಾದ್ರೂ ಆಯ್ತು. ಅವರ ಫೋನು ಆಸ್ಪತ್ರೆ ಗಡಿಬಿಡೀಲಿ ಕಳೆದೋಯ್ತು. ಒಂದೇ ಮನೇಲಿ ಇದ್ದೋರು ನಂಗೆಂತಕ್ಕೆ ಕಳಿಸ್ತಾರೆ, ನನ್ ಹತ್ರ ಒಂದೂ ಇಲ್ಲ."

ಇವರು ಜೇಬಿನಿಂದ ಫೋನ್ ತೆಗೆದರು. ಬಂದದ್ದನ್ನೆಲ್ಲ ಅಂದಂದೇ ಅಳಿಸಿಬಿಟ್ಟರೆ ಫೋನ್ ಹಗುರಾಗಿ ಬ್ಯಾಟರಿ ಉಳಿಯುತ್ತದೆ ಎಂದು ಇವರು ನಂಬಿದ್ದರು. ನನ್ನ ಫೋನನ್ನೂ ಇವರೇ ಸ್ವಚ್ಛ ಮಾಡುತ್ತಿದ್ದರು. ಒಂದೂ ಉಳಿದಿಲ್ಲವೆಂದು ನಮ್ಮಿಬ್ಬರಿಗೂ ಗೊತ್ತಿತ್ತು. ಆದರೂ ಇವರು ಕನ್ನಡಕ ಏರಿಸಿಕೊಂಡು, ಖಾಲಿ ಪರದೆಯ ಮೇಲೆ ಬೆರಳನ್ನು ಮೇಲೆ ಕೆಳಗೆ ಆಡಿಸತೊಡಗಿದರು.

"ನಿಧಾನಕ್ಕೆ ಹುಡುಕಿ ಅಣ್ಣ, ನಂಗೇನು ಅವಸರ ಇಲ್ಲ" ಎಂದು ಅವಳು ಅಲ್ಲೇ ನಿಂತಳು.