ಕಣ್ಮರೆ ಪೆಟ್ಟಿಗೆಯ ಅಂಟು

ದೆಹಲಿಯ ಓಲ್ಡ್ ರಾಜಿಂದರ್ ನಗರದಲ್ಲಿ ಕನ್ನಡ ಮಾತಾಡುವ ಮನೆಯೊಡತಿ ಸಿಕ್ಕಿದರೆಂದು ಮೊದಲು ಖುಷಿಪಟ್ಟವಳು ನಾನೇ. ಸಿವಿಲ್ ಸರ್ವಿಸ್ ಪರೀಕ್ಷೆಗೆ ಓದಲು ದಾವಣಗೆರೆಯಿಂದ ಬಂದಿದ್ದೆ. ಮೇಲಿನ ಕೋಣೆ ನನ್ನದು, ಕೆಳಗಿನ ಮನೆ ಅವರದು. ಮೈಸೂರಿನವರು, ಅರವತ್ತು ದಾಟಿದ ವಿಧವೆ. ನಾನು ಆಂಟಿ ಅನ್ನುತ್ತಿದ್ದೆ. ಸಾಮಾನು ಬಿಚ್ಚಿಡುವ ಮೊದಲೇ ಕೇಳಿದರು, "ನೀನು ಬಿಎಸ್ಸಿ ಕೆಮಿಸ್ಟ್ರಿ ಅಲ್ವಾ? ಹಾಗಾದ್ರೆ ಅಂಟಿನ ವಿಚಾರ ಗೊತ್ತಿರಬೇಕು."

ನನಗೆ ಗೊತ್ತಿರಲಿಲ್ಲ. ಹಾಗಂತ ಹೇಳಿದ್ದನ್ನು ಅವರು ವಿನಯ ಅಂದುಕೊಂಡರು.

ಆಂಟಿಯ ಗಂಡ ಜಾದೂಗಾರರು. ದೆಹಲಿಯ ಶಾಲೆಗಳಲ್ಲಿ, ಮದುವೆಮನೆಗಳಲ್ಲಿ, ಕನ್ನಡ ಸಂಘದ ಸಮಾರಂಭಗಳಲ್ಲಿ ಪ್ರದರ್ಶನ ಕೊಡುತ್ತಿದ್ದರು. ಪೆಟ್ಟಿಗೆಯೊಳಗೆ ಹೋಗಿ ಮಾಯವಾಗುತ್ತಿದ್ದವರು ಆಂಟಿ. ಗಂಡ ತೀರಿಕೊಂಡ ಮೇಲೆ ಆ ಪೆಟ್ಟಿಗೆ ಹಿಂದಿನ ವರಾಂಡದಲ್ಲಿ ಬಿದ್ದಿತ್ತು. ಆಳೆತ್ತರದ ಬೀರುವಿನಂಥದ್ದು. ಹೊರಗೆ ಕಪ್ಪು ಪಾಲಿಶ್, ಅಂಚಿಗೆ ಚಿನ್ನದ ಬಣ್ಣದ ಪಟ್ಟಿ, ಒಳಗೆಲ್ಲ ಕಪ್ಪು ಮಖಮಲ್ಲು. ಹಿಂಬದಿಗೆ ಎರಡು ಗೋಡೆ, ನಡುವೆ ಒಬ್ಬರು ಉಸಿರು ಬಿಗಿಹಿಡಿದು ನಿಲ್ಲುವಷ್ಟು ಜಾಗ. ಒಳಗೋಡೆ ಬಾಗಿಲಿನಂತೆ ತಿರುಗುತ್ತದೆ. ಒಳಗೆ ಹೋದವರು ಅದರ ಹಿಂದೆ ಸರಿದುಕೊಂಡರೆ ಆಯಿತು, ಮಾಯ.

"ಸಂಘದ ಮಹಿಳಾ ದಿನಕ್ಕೆ ನನ್ನ ಹೆಸರು ಕೊಟ್ಟಿದ್ದೀನಿ," ಅಂದರು ಆಂಟಿ. "ಈ ಸಲ ನಾನು ಹೊರಗೆ ನಿಲ್ತೀನಿ."

"ಒಳಗೆ ಯಾರು ಹೋಗ್ತಾರೆ?"

ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ನೀನು ಸಣ್ಣಗಿದ್ದೀಯ."

ಅಲ್ಲಿಂದ ಶುರುವಾಯಿತು ನನ್ನ ಗ್ರಹಚಾರ. ಪೆಟ್ಟಿಗೆಯ ಪ್ಲೈವುಡ್ ಪದರ ಪದರವಾಗಿ ಬಿಟ್ಟುಕೊಂಡಿತ್ತು. ಮರಕ್ಕೆ ಬಡಗಿಗಳು ಬಳಸುವ ಬಿಳಿ ಅಂಟೇ ಸರಿ ಎಂದು ತಂದು, ಪದರಗಳ ನಡುವೆ ತುಂಬಿ, ಮೇಲೆ ನನ್ನ ಇತಿಹಾಸದ ಪುಸ್ತಕಗಳನ್ನೆಲ್ಲ ಹೇರಿದೆ. ಜನವರಿಯ ಚಳಿ. ವರಾಂಡದಲ್ಲಿ ನೀರು ಮುಟ್ಟಿದರೆ ಕೈ ಜೋಮು ಹಿಡಿಯುತ್ತಿತ್ತು. ಪುಸ್ತಕ ತೆಗೆದು ನೋಡಿದರೆ ಅಂಟು ಸುಣ್ಣದ ಪುಡಿಯಂತೆ ಉದುರಿತು. ಡಬ್ಬಿಯ ಮೇಲೆ ಚಳಿಯಲ್ಲಿ ಬಳಸಬೇಡಿ ಎಂದು ಇರುವೆಗಾತ್ರದ ಅಕ್ಷರದಲ್ಲಿ ಬರೆದಿತ್ತು.

"ಕೆಮಿಸ್ಟ್ರಿ ಓದಿ ಏನು ಬಂತು?" ಅಂದರು ಆಂಟಿ.

ಕೊನೆಗೆ ಆ ಹಲಗೆಗಳನ್ನು ಅವರ ಮಲಗುವ ಕೋಣೆಗೆ ಹೊತ್ತುಕೊಂಡು ಹೋಗಿ, ಹೀಟರ್ ಹಚ್ಚಿ, ಮತ್ತೆ ಅಂಟಿಸಿದೆವು. ಹಿಡಿಯಿತು. ಆದರೆ ಹೀಟರ್‌ನ ಯೋಚನೆ ತಮ್ಮದೆಂದು ಆಂಟಿ ಪಕ್ಕದ ಮನೆಯವರಿಗೆಲ್ಲ ಹೇಳಿದರು. ಅದು ನನ್ನದು.

ಕಳಚಿಬಂದಿದ್ದ ಮಖಮಲ್ಲಿಗೆ ಮೈದಾ ಅಂಟೇ ಆಗಬೇಕೆಂದು ಆಂಟಿ ಹಟ ಹಿಡಿದರು. "ನಮ್ಮೆಜಮಾನ್ರು ಅದನ್ನೇ ಹಚ್ತಿದ್ರು. ಬಟ್ಟೆ ಗಟ್ಟಿಯಾಗಲ್ಲ." ಸರಿ, ಮೈದಾ ಕುದಿಸಿ ಹಚ್ಚಿದೆವು. ಚೆನ್ನಾಗಿಯೇ ಕೂತಿತು, ಅದು ನಿಜ. ವಾರ ಕಳೆಯುವಷ್ಟರಲ್ಲಿ ಇಲಿಗಳು ಬಂದು ಅಂಟಿನ ಜೊತೆ ಮಖಮಲ್ಲನ್ನೂ ತಿಂದುಹಾಕಿದವು. ಇಲಿ ಬಾಯಿ ಹಾಕದಂತೆ ಅಂಟಿಗೆ ಮೈಲುತುತ್ತದ ವಿಷ ಬೆರೆಸಲು ತಾವು ಮರೆತದ್ದನ್ನು ಆಂಟಿ ಆಗ ನೆನಪಿಸಿಕೊಂಡರು. ನನಗೆ ಪ್ರಬಂಧ ಬರೆಯುವುದಿತ್ತು. ನಾನು ಇಲಿಯ ಹಿಕ್ಕೆ ಗುಡಿಸುತ್ತಿದ್ದೆ.

ಎದ್ದುಬಂದಿದ್ದ ಚಿನ್ನದ ಬಣ್ಣದ ಪಟ್ಟಿಗೆ ಕ್ಷಣದಲ್ಲಿ ಹಿಡಿಯುವ ಅಂಟು ಕೊಟ್ಟವನು ಹಾರ್ಡ್‌ವೇರ್ ಅಂಗಡಿಯ ಭಯ್ಯಾ. ಏನು ಕೇಳಿದರೂ "ಸಬ್ ಕುಛ್ ಚಿಪಕೇಗಾ, ಮ್ಯಾಡಮ್", ಎಲ್ಲವೂ ಅಂಟುತ್ತೆ, ಎನ್ನುವವನು. ಪಟ್ಟಿಯೇನೋ ಹಿಡಿಯಿತು. ಆದರೆ ಅಂಟಿನ ಆವಿ ತಾಗಿ ಕಪ್ಪು ಪಾಲಿಶಿನ ಮೇಲೆ ಬೂದಿ ಎರಚಿದಂತೆ ಬೆಳ್ಳಗೆ ಮಬ್ಬು ಕೂತಿತು. ಅದನ್ನು ತಿಕ್ಕಿ ತಿಕ್ಕಿ ನನ್ನ ಭುಜ ಬಿದ್ದುಹೋಯಿತು. ಆಂಟಿ ಕುರ್ಚಿ ಹಾಕಿಕೊಂಡು, ಬಟಾಣಿ ಸುಲಿಯುತ್ತ, "ಇಲ್ಲಿ ಇನ್ನೂ ಇದೆ ನೋಡು" ಎಂದು ತೋರಿಸುತ್ತಿದ್ದರು.

ಉಳಿದದ್ದು ಹೊಸ ಮಖಮಲ್ಲು. ಇಲಿ ತಿನ್ನದ ರಬ್ಬರ್ ಅಂಟು ತಂದೆ. ಹಲಗೆಗೂ ಬಟ್ಟೆಗೂ ತೆಳ್ಳಗೆ ಹಚ್ಚಿ, ಬೆರಳಿಗೆ ಹತ್ತದಷ್ಟು ಒಣಗಿದ ಮೇಲೆ ಒತ್ತಬೇಕು. ಈ ಸಲ ಡಬ್ಬಿಯ ಮೇಲಿದ್ದುದನ್ನೆಲ್ಲ ಆಂಟಿಗೆ ಓದಿ ಹೇಳಿ ಕೋಚಿಂಗ್ ಕ್ಲಾಸಿಗೆ ಹೋದೆ. ಬರುವಷ್ಟರಲ್ಲಿ ಕೆಲಸ ಮುಗಿದಿತ್ತು. ಬ್ರಷ್ ಅದ್ದಿ ದಪ್ಪಗೆ ಬಳಿದು, ಹಸಿಯಾಗಿದ್ದಾಗಲೇ ಒತ್ತಿಬಿಟ್ಟಿದ್ದರು.

"ಆಂಟಿ, ಒಣಗೋಕೆ ಬಿಡಬೇಕಿತ್ತು!"

"ಈಗ ಒಣಗುತ್ತಲ್ಲ, ಬಿಡು."

ಒಣಗಲಿಲ್ಲ. ಅಲ್ಲಲ್ಲಿ ಅಂಟು ಬಟ್ಟೆಯಿಂದ ಒಸರಿ ಬಂದಿತ್ತು. ಕಿತ್ತು ಮತ್ತೆ ಮಾಡೋಣ ಎಂದೆ. ಕಾರ್ಯಕ್ರಮ ಹತ್ತಿರ ಬಂತು, ಬೇಡ ಎಂದರು. ಟೆಂಪೋ ತರಿಸಿ ಪೆಟ್ಟಿಗೆಯನ್ನು ಸಭಾಂಗಣಕ್ಕೆ ಸಾಗಿಸಿಯೂ ಆಯಿತು.

ಅವತ್ತು ಆಂಟಿ ರೇಷ್ಮೆ ಸೀರೆಯ ಮೇಲೆ ಗಂಡನ ಕಪ್ಪು ಕೋಟು ಹಾಕಿಕೊಂಡಿದ್ದರು. ತೋಳು ಉದ್ದವಾಗಿ ಬೆರಳ ತುದಿ ಮಾತ್ರ ಕಾಣುತ್ತಿತ್ತು. ವೇದಿಕೆಯ ಪಕ್ಕದಲ್ಲಿ ಆ ತೋಳನ್ನು ಮತ್ತೆ ಮತ್ತೆ ಮಡಚಿ ಬಿಚ್ಚುತ್ತಿದ್ದುದನ್ನು ನೋಡಿ, ಬೇಡವಾದರೆ ಬಿಡಿ ಎನ್ನಲು ಹೋದೆ. ಅಷ್ಟರಲ್ಲಿ ಹೆಸರು ಕೂಗಿದರು. ಆಂಟಿ ನನ್ನ ಕೈ ಹಿಡಿದು ಎಳೆದುಕೊಂಡೇ ನಡೆದರು. ಮಾತು ಚೆನ್ನಾಗಿ ಆಡಿದರು, ಜನರನ್ನು ನಗಿಸಿದರು. ನಾನು ಒಳಗೆ ಹೋದೆ, ಬಾಗಿಲು ಮುಚ್ಚಿತು, ಒಳಗೋಡೆಯ ಹಿಂದೆ ಸರಿದು ನಿಂತೆ. ಬಾಗಿಲು ತೆರೆದಾಗ ಸಭೆಯಲ್ಲಿ ಹೋ ಎಂಬ ಉದ್ಗಾರ. ಮತ್ತೆ ಬಾಗಿಲು ಮುಚ್ಚಿತು. ಈಗ ನಾನು ವಾಪಸ್ ಬರಬೇಕು.

ಬರಲಾಗಲಿಲ್ಲ. ನನ್ನ ಜಡೆ ಒಳಗೋಡೆಯ ಅಂಚಿನ ಮಖಮಲ್ಲಿಗೆ ಅಂಟಿಕೊಂಡಿತ್ತು. ಎಳೆದರೆ ಕಣ್ಣಲ್ಲಿ ನೀರು ಬರುತ್ತಿತ್ತು, ಜಡೆ ಬರುತ್ತಿರಲಿಲ್ಲ.

"ಆಂಟಿ," ಎಂದು ಪಿಸುಗುಟ್ಟಿದೆ, "ಜಡೆ ಅಂಟಿದೆ!"

ಆಂಟಿ ಹೊರಗಿನಿಂದ ಪೆಟ್ಟಿಗೆಯನ್ನು ಎರಡು ಸಲ ತಟ್ಟಿದರು. ಆಮೇಲೆ ಆಂಟಿಯ ಧ್ವನಿ ಮೈಕಿನಲ್ಲಿ ಕೇಳಿಸಿತು: "ಹುಡುಗಿಗೆ ವಾಪಸ್ ಬರೋಕೆ ಮನಸ್ಸಿಲ್ಲವಂತೆ. ದೆಹಲಿಯ ಚಳಿ, ಪರೀಕ್ಷೆಯ ಓದು ಎಲ್ಲ ಸಾಕಾಗಿದೆಯಂತೆ. ಹೋಗಲಿ, ಊರಿಗೆ ಕಳಿಸಿಬಿಟ್ಟೆ!" ಬಾಗಿಲು ಪೂರ್ತಿ ತೆರೆದು ಖಾಲಿ ಪೆಟ್ಟಿಗೆ ತೋರಿಸಿದರು. ಚಪ್ಪಾಳೆ ನಿಲ್ಲಲೇ ಇಲ್ಲ. ಪೆಟ್ಟಿಗೆಯನ್ನು ಪರದೆಯ ಪಕ್ಕಕ್ಕೆ ತಳ್ಳಿಸಿ ಹೋದರು. ಮುಂದಿನದು ಭರತನಾಟ್ಯ. ಅದು ಮುಗಿಯುವವರೆಗೂ ನಾನು ಆ ಕತ್ತಲಲ್ಲಿ ರಬ್ಬರ್ ವಾಸನೆ ಕುಡಿಯುತ್ತ, ಆಂಟಿಯನ್ನು ಮನಸಾರೆ ಬೈಯುತ್ತ ನಿಂತಿದ್ದೆ.

ಆಮೇಲೆ ಅವರೇ ಬಂದು, ಅಡುಗೆಯವರಿಂದ ಕೊಬ್ಬರಿ ಎಣ್ಣೆ ತಂದು, ಕೂದಲನ್ನು ಎಳೆ ಎಳೆಯಾಗಿ ಬಿಡಿಸಿದರು. ಕತ್ತರಿ ತರಲು ಹೋದವರನ್ನು ಗದರಿ ಕಳಿಸಿದರು. ನನಗೆ ಬೈಗುಳ ನಾಲಿಗೆ ತುದಿಯಲ್ಲಿತ್ತು. ಅವರು ತಗ್ಗಿದ ದನಿಯಲ್ಲಿ ಕೇಳಿದರು, "ಒಳಗೆ ಚಪ್ಪಾಳೆ ಕೇಳಿಸ್ತಾ?"

"ಕೇಳಿಸ್ತು. ಎಲ್ಲೋ ದೂರದಲ್ಲಿ, ಬೇರೆ ಯಾರಿಗೋ ತಟ್ಟಿದ ಹಾಗೆ."

"ಹ್ಞಾಂ," ಅಂದರು. "ಹಾಗೇ ಇರುತ್ತೆ. ಹೊರಗೆ ನಿಂತು ಕೇಳಿದ್ದು ನನಗೆ ಇವತ್ತೇ ಮೊದಲು." ಬೆರಳು ಎಣ್ಣೆಯಲ್ಲಿ ಜಾರುತ್ತಿದ್ದವು. ಬೈಗುಳ ನುಂಗಿಕೊಂಡೆ.

ಊಟದ ಸಾಲಿನಲ್ಲಿ ಎಲ್ಲರೂ ಅವರನ್ನು ಮುತ್ತಿಕೊಂಡರು. ಗ್ರೇಟರ್ ನೋಯ್ಡಾದ ದಂಪತಿ ತಮ್ಮ ಅಪಾರ್ಟ್‌ಮೆಂಟಿನ ಹಬ್ಬಕ್ಕೆ ಕರೆದರು. ಆ ಹೆಂಗಸು ನನ್ನ ಕಡೆ, ಎಣ್ಣೆ ಸುರಿಯುವ ತಲೆಯ ಕಡೆ ನೋಡಿ, "ನೀವು ಯಾವ ಐಟಮ್ ಮಾಡಿದ್ರಿ?" ಎಂದು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಆಂಟಿ, "ಇವಳಾ? ನಮ್ಮ ಅಂಟಿನ ಡಿಪಾರ್ಟ್‌ಮೆಂಟು" ಅಂದರು.

ದಾರಿಯುದ್ದಕ್ಕೂ ಜಗಳವಾಡಿದೆ. ಇನ್ನು ಪೆಟ್ಟಿಗೆ ಮುಟ್ಟುವುದಿಲ್ಲ, ಪ್ರಿಲಿಮ್ಸ್ ಹತ್ತಿರ ಬಂತು ಎಂದೆ. ಅವರು ಕಿಟಕಿಯಾಚೆ ನೋಡುತ್ತ ಹೂಂಗುಟ್ಟಿದರು. ಮಾರನೆಯ ಬೆಳಿಗ್ಗೆ ಓದಲು ಕೂತಿದ್ದೆ. ಕೆಳಗಿಂದ ಬಟ್ಟೆ ಹರಿಯುವ ಸದ್ದು ಬಂತು. ಬಗ್ಗಿ ನೋಡಿದರೆ ಆಂಟಿ ಮಖಮಲ್ಲನ್ನೆಲ್ಲ ತಾವೇ ಕಿತ್ತುಹಾಕುತ್ತಿದ್ದರು.

"ಈ ಸಲ ಎರಡೂ ಕಡೆ ಒಣಗಿಸೇ ಒತ್ತೋಣ," ಎಂದರು, ತಲೆ ಎತ್ತದೆ. "ಎಷ್ಟು ಹೊತ್ತು ಅಂತ ನೀನೇ ಹೇಳಬೇಕು."

ಪುಸ್ತಕ ಮುಚ್ಚಿಟ್ಟು, ಗೊಣಗುತ್ತ ಕೆಳಗಿಳಿದೆ.