ಮಡೆ ಪಕ್ಕದ ಮೂಲೆ

ನಮ್ಮೂರು ಮಂಡ್ಯದ ಹತ್ತಿರ, ಕೊತ್ತತ್ತಿ ಕಡೆ. ಯುಗಾದಿಗೆ ವರ್ಷದ ಮೊದಲ ಉಳುಮೆ ಮಾಡುವುದಕ್ಕೆ ಇಲ್ಲಿ ಹೊನ್ನಾರು ಅನ್ನುತ್ತಾರೆ. ಯಾರ ಹೆಸರಿಗೆ ಕೂಡಿಬರುತ್ತದೆಂದು ಪಂಚಾಂಗ ನೋಡಿ ಹೇಳುತ್ತಾರೆ. ಅವನು ಬರಿಗಾಲಲ್ಲಿ ಮೊದಲ ನೇಗಿಲು ಹಿಡಿಯಬೇಕು. ಸೇನೆಯಿಂದ ನಿವೃತ್ತನಾಗಿ ಬಂದ ಮೇಲೆ ಹೇಗೋ ತಪ್ಪಿಸಿಕೊಂಡು ಬಂದಿದ್ದೆ. ಈ ಸಲ ನನ್ನ ಹೆಸರಿಗೇ ಬಂತು.

“ಏನ್ಲಾ, ಮಿಲ್ಟ್ರೀಲಿದ್ದೋನು ನೇಗ್ಲು ಇಡಿಯಾಕೆ ಎದ್ರುಕತೀಯಾ?” ಅಂದರು ಚಿಕ್ಕಪ್ಪ. ಜಗಲಿಯಲ್ಲಿದ್ದವರೆಲ್ಲ ನಕ್ಕರು. ನಾನೂ ನಕ್ಕೆ.

ಯಾಕೆ ಹೆದರುತ್ತೇನೆಂದು ನಾನು ಮನೆಯಲ್ಲಿ ಯಾರಿಗೂ ಹೇಳಿಲ್ಲ. ಗಡಿಯಲ್ಲಿ ಕಾಳಗ ನಡೆದಿದ್ದ ಹೊಲಗಳಿಂದ ನೆಲಬಾಂಬ್ ಹುಡುಕಿ ತೆಗೆದು, ರೈತರಿಗೆ ವಾಪಸು ಒಪ್ಪಿಸುವುದು ನಮ್ಮ ತುಕಡಿಯ ಕೆಲಸವಾಗಿತ್ತು. ಮಂಡಿಯೂರಿ, ಮೊನಚು ಸರಳು ಹಿಡಿದು, ಗೇಣು ಗೇಣು ಮಣ್ಣು ತಡವುತ್ತಾ ಹೋಗುತ್ತಿದ್ದೆವು. ಒಂದು ಹೊಲದಲ್ಲಿ ಮಾತ್ರ ನಕ್ಷೆಯಲ್ಲಿದ್ದದ್ದಕ್ಕಿಂತ ಒಂದು ಬಾಂಬ್ ಕಡಿಮೆ ಸಿಕ್ಕಿತು. ದನವೋ ನರಿಯೋ ತುಳಿದು ಸಿಡಿದಿರಬೇಕು ಅಂದರು ಜೊತೆಯವರು.

ಆ ಹೊಲಕ್ಕೂ ನಾಲೆ ನೀರು ಹರಿಯುತ್ತಿತ್ತು. ನೀರು ಹೊತ್ತು ತಂದದ್ದೆಲ್ಲ ತಗ್ಗಿನಲ್ಲಿ, ಹೆಚ್ಚಾದ ನೀರು ಹೊರಹೋಗುವ ಮಡೆಯ ಪಕ್ಕದಲ್ಲಿ, ಹೂಳಾಗಿ ಕೂರುತ್ತದೆಂದು ನಾಲೆ ಬಯಲಲ್ಲಿ ಹುಟ್ಟಿದ ನನಗೆ ಯಾರಾದರೂ ಹೇಳಿಕೊಡಬೇಕೆ? ಸಿಗದ ಬಾಂಬ್ ಅಲ್ಲೇ ಹೂತಿರಬಹುದು, ಆ ಮೂಲೆಯನ್ನು ಇನ್ನೊಮ್ಮೆ ಆಳಕ್ಕೆ ನೋಡೋಣ ಅನ್ನುವವನಿದ್ದೆ. ಮರುದಿನ ಯುಗಾದಿ ರಜೆಗೆ ನನ್ನ ರೈಲು. ಎಷ್ಟೋ ವರ್ಷದ ಮೇಲೆ ಹೊನ್ನಾರು ನೋಡುವ ಆಸೆ. ಬಾಯಿ ಮುಚ್ಚಿಕೊಂಡೆ.

ಹೊಲದ ಯಜಮಾನ ಬಿಳಿ ಗಡ್ಡದ ಮುದುಕ. ನನ್ನ ಕೈ ಹಿಡಿದುಕೊಂಡು, ನೀನೂ ಉಳುವವರ ಮನೆಯವನು, ನೀನೇ ಹೇಳಪ್ಪಾ, ಏನಾದರೂ ಉಳಿದಿದೆಯಾ ಅಂತ ಕೇಳಿದ. ನನ್ನ ಅರೆಬರೆ ಹಿಂದಿಯಲ್ಲಿ, ಏನೂ ಇಲ್ಲ ಅಂದೆ. ಅವನಿಗೆ ಧೈರ್ಯ ಬರಲೆಂದು ಬೂಟು ಬಿಚ್ಚಿ ಹೊಲದುದ್ದಕ್ಕೂ ನಡೆದೂ ತೋರಿಸಿದೆ. ಮಡೆಯ ಮೂಲೆಗೆ ಮಾತ್ರ ಹೋಗಲಿಲ್ಲ. ಖುಷಿಯಲ್ಲಿದ್ದ ಅವನು ಅದನ್ನು ಗಮನಿಸಲಿಲ್ಲ. ಬೇಲಿಯೇ ಎದ್ದು ಹೊಲ ಮೇಯಿತು ಅನ್ನುತ್ತಾರಲ್ಲ, ಆ ಬೇಲಿ ನಾನೇ.

ರಜೆ ಮುಗಿಸಿ ಹೋಗುವಷ್ಟರಲ್ಲಿ ಅವನಿಗೆ ಬಲಗಾಲು ಇರಲಿಲ್ಲ. ನೀರು ಬಿಡಲು ಮಡೆಯ ಹತ್ತಿರ ಹೋಗಿದ್ದನಂತೆ. ಆಸ್ಪತ್ರೆಯಲ್ಲಿ ಮಂಚದ ಪಕ್ಕ ನಿಂತೆ. ಅವನು ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ಊರಲ್ಲಿ ಹಬ್ಬ ಚೆನ್ನಾಗಾಯಿತಾ ಅಂತ ಕೇಳಿದ! ಗೊತ್ತಿದ್ದೂ ಸುಮ್ಮನಿದ್ದೆ ಎಂದು ಹೇಳಲೆಂದೇ ಹೋಗಿದ್ದವನು, ಚೆನ್ನಾಗಾಯಿತು ಅಂದೆ. ತಂದಿದ್ದ ಬಾಳೆಹಣ್ಣು ಇಟ್ಟು ಬಂದೆ.

ಈ ಯುಗಾದಿಯ ಬೆಳಗ್ಗೆ ಚಪ್ಪಲಿ ಬಿಟ್ಟು ನಮ್ಮ ಗದ್ದೆಗೆ ಇಳಿದೆ. ಮಣ್ಣು ತಣ್ಣಗಿತ್ತು. ಎತ್ತುಗಳು ಪಳಗಿದವು, ಅವೇ ನನ್ನನ್ನು ಎಳೆದುಕೊಂಡು ಹೋದವು. ಮಡೆಯ ಮೂಲೆ ಬಂದಾಗ ನನ್ನ ಕಾಲು ನಿಂತುಬಿಟ್ಟಿತು. ಎತ್ತು ತಿರುಗಿಸಿದೆ. ಅಲ್ಲೊಂದು ತುಂಡು ಉಳದೇ ಉಳಿಯಿತು.

“ಮೂಲೆ ಬುಟ್ಬುಟ್ಯಲ್ಲೋ!” ಅಂದರು ಬದುವಿನ ಮೇಲಿದ್ದ ಚಿಕ್ಕಪ್ಪ.

ಪೂಜೆಯ ತಟ್ಟೆ ಹಿಡಿದು ಬಂದಿದ್ದ ನನ್ನ ಹೆಂಡತಿ, “ಮಡೇಗೆ ಒಂದು ಊವ ಇಟ್ಬುಟ್ಟು ಬತ್ತೀನಿ” ಅಂತ ಬರಿಗಾಲಲ್ಲಿ ಆ ಮೂಲೆಗೇ ಹೊರಟಳು.

“ನಿಂತ್ಕೊಳೇ!” ಎಂದು ಕಿರುಚಿಬಿಟ್ಟೆ. ಎತ್ತುಗಳು ಬೆದರಿದವು. ಎಲ್ಲರೂ ನನ್ನನ್ನೇ ನೋಡಿದರು.

“ಯಾಕ್ರೀ, ಏನದೆ ಅಲ್ಲಿ?” ಅಂದಳು, ಒಂದು ಕಾಲು ಎತ್ತಿಕೊಂಡೇ.

ಇಷ್ಟು ಜನರ ಮುಂದೆ ಏನೆಂದು ಹೇಳಲಿ?

“ಏನೂ ಇಲ್ಲ” ಅಂದೆ.

ಅವಳೂ ನಂಬಿ ಹೆಜ್ಜೆ ಇಟ್ಟಳು.